ಹೊಟ್ಟೆಯಿರುವ ಗೊಂಬೆ

ನಮ್ಮತ್ತೆ ಕೆಲಸ ಮಾಡುವ ಬಟ್ಟೆಯಂಗಡಿಯ ಗಾಜಿನ ಕಿಟಕಿಯಲ್ಲಿ ಬಹಳ ವರ್ಷ ಒಂದು ಗೊಂಬೆಗೆ ಹೊಟ್ಟೆಯಿತ್ತು. ಬಸುರಿಯ ಹೊಟ್ಟೆಯಲ್ಲ. ಹೆತ್ತು, ಎತ್ತಿ ಆಡಿಸಿ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ದಂಡವಾಗಬಾರದೆಂದು ತಾನೇ ತಿಂದು ಮುಗಿಸಿ ಬಂದ ಹೊಟ್ಟೆ. ಅದರ ಎಡಬಲಕ್ಕೆ ನಿಂತ ಎರಡು ಗೊಂಬೆಗಳು ಬಡಕಲು. ಬೀದಿಯವರು ಅವನ್ನು ತಂಗಿಯರೆಂದೂ ಹೊಟ್ಟೆಯಿದ್ದದ್ದನ್ನು ದೊಡ್ಡಕ್ಕನೆಂದೂ ಕರೆಯುತ್ತಿದ್ದರು. 'ಈ ವಾರ ದೊಡ್ಡಕ್ಕ ಏನು ಹಾಕಿದ್ದಾಳೆ' ಎಂದು ನೋಡಲೆಂದೇ ಹೆಂಗಸರು ಬಸ್ಸಿಗೆ ಕಾಯುವ ನೆಪದಲ್ಲಿ ಅಲ್ಲಿ ನಿಲ್ಲುತ್ತಿದ್ದರಂತೆ.

ಆ ಹೊಟ್ಟೆಯನ್ನು ತುಂಬಿದವರು ನಮ್ಮತ್ತೆ. ನನ್ನ ಗಂಡ ಅಂಬೆಗಾಲಿಡುತ್ತಿದ್ದ ಕಾಲಕ್ಕೆ ಅವರು ಆ ಅಂಗಡಿಯಲ್ಲಿ ಬಟ್ಟೆ ತೋರಿಸುವ ಕೆಲಸಕ್ಕೆ ಸೇರಿದರು. ಕಿಟಕಿಗೆ ಹೋಗುವ ಬಾಗಿಲು ಗೋಡೆ ಕಪಾಟಿನ ಬಾಗಿಲಿನಷ್ಟು ಗಿಡ್ಡ. ಗೊಂಬೆಗಳಿಗೆ ಉಡುಪು ತೊಡಿಸುತ್ತಿದ್ದ ಉದ್ದನೆಯ ಮನುಷ್ಯ ದಿನಾ ಹಣೆ ಜಜ್ಜಿಸಿಕೊಂಡು ಕೊನೆಗೊಂದು ದಿನ ಕೆಲಸ ಬಿಟ್ಟ. ಅಂಗಡಿಯಲ್ಲೆಲ್ಲ ಗಿಡ್ಡಗಿದ್ದವರು ನಮ್ಮತ್ತೆ. ಕೆಲಸ ಅವರ ಕೈಗೆ ಬಂತು. "ಬುದ್ಧಿ ನೋಡಿ ಕೊಡ್ಲಿಲ್ಲ ಕಣೆ, ಎತ್ತರ ನೋಡಿ ಕೊಟ್ರು" ಎಂದು ಈಗಲೂ ನಗುತ್ತಾರೆ.

ಆ ಕಸುಬಿನ ಗುಟ್ಟು ಇಷ್ಟೇ: ಕಿಟಕಿಯ ಗೊಂಬೆಗೆ ಮುಂಭಾಗ ಮಾತ್ರ ಇರುತ್ತದೆ. ಬೆನ್ನ ಕಡೆ ಉಡುಪನ್ನು ಹಿಂಡಿ ಹಿಡಿದು ಸಾಲಾಗಿ ಪಿನ್ನು ಚುಚ್ಚಿರುತ್ತಾರೆ. ಮುಂದಿನಿಂದ ನೋಡಿದರೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಅತ್ತೆಯೂ ಮೊದಮೊದಲು ಹಾಗೆಯೇ ಮಾಡಿದರು. ಒಂದು ದಿನ ಗಿರಾಕಿಯೊಬ್ಬಳು ಕೊಂಡ ಉಡುಪನ್ನು ವಾಪಸು ತಂದು, "ಗೊಂಬೆ ಮೇಲೆ ಹಾಗಿತ್ತು, ನನ್ನ ಮೇಲೆ ಹೀಗಿದೆ. ತಪ್ಪು ಉಡುಪಿಂದೋ ನಂದೋ?" ಎಂದು ಕೇಳಿದಳು. ಜಗಳಕ್ಕಲ್ಲ, ಅಳು ಬರುವ ಹಾಗೆ. ಅತ್ತೆ ಅವಳ ಕೈಹಿಡಿದು ಆ ಗಿಡ್ಡ ಬಾಗಿಲಲ್ಲಿ ನುಗ್ಗಿಸಿ ಗೊಂಬೆಯ ಬೆನ್ನು ತೋರಿಸಿಬಿಟ್ಟರು.

ದೊಡ್ಡ ಯಜಮಾನರು, ಅಂದರೆ ಆಗಿನ ಮಾಲೀಕರು, ತಲೆಯ ಮೇಲೆ ಕೈಹೊತ್ತರು. "ಅಂಗಡಿ ಗುಟ್ಟನ್ನ ಬೀದಿಗೆ ಹಾಕಿದ್ಯಲ್ಲಮ್ಮ."

"ಹಾಗಾದ್ರೆ ಪಿನ್ನೇ ಬೇಡ ಬಿಡಿ."

"ಪಿನ್ನಿಲ್ದೆ ಹೇಗೆ ನಿಲ್ಲತ್ತೆ? ಗೊಂಬೆ ಕಡ್ಡಿ ಹಾಗಿದೆ."

"ಗೊಂಬೇನೇ ದಪ್ಪ ಮಾಡ್ತೀನಿ."

ಉಡುಪನ್ನು ಗೊಂಬೆಗೆ ಕುಗ್ಗಿಸುವ ಬದಲು ಗೊಂಬೆಯನ್ನು ಉಡುಪಿಗೆ ಹಿಗ್ಗಿಸಿದರು. ಹರಿದ ಹಾಸಿಗೆಯ ಹತ್ತಿಯನ್ನು ಹಳೆಯ ಕಾಲುಚೀಲಗಳಲ್ಲಿ ತುಂಬಿ, ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಎಲ್ಲೆಲ್ಲಿ ಏನೇನು ಇಳಿದಿದೆಯೋ ಅಲ್ಲಲ್ಲಿ ಕಟ್ಟಿದರು. ಮರುದಿನವೇ ಬೀದಿಯಲ್ಲಿ ಸುದ್ದಿ: ಬಟ್ಟೆಯಂಗಡಿಯವಳಿಗೆ ಎರಡನೆಯದಂತೆ. ಕಿಟಕಿಯ ಗೊಂಬೆ ಅವರ ಅಳತೆಯದು ಎಂದು ಹೇಗೋ ಗೊತ್ತಾಗಿತ್ತು. ಮಾವನವರನ್ನು ದಾರಿಯಲ್ಲಿ ತಡೆದು ಬೆನ್ನು ತಟ್ಟಿದವರೂ ಇದ್ದರಂತೆ. ಅವರು ಮನೆಗೆ ಬಂದು ಮೆತ್ತಗೆ, "ನನಗೆ ಹೇಳ್ದೆ ಊರಿಗೆಲ್ಲ ಹೇಳಿದ್ದೀಯಲ್ಲ" ಎಂದರಂತೆ.

ಗೊಂಬೆಯ ಕಾಲಬುಡದಲ್ಲಿ ಒಂದು ಫಲಕ ಇಡುವ ಪದ್ಧತಿ ಅಲ್ಲಿಂದ ಶುರುವಾಯಿತು. ಮೇಲೆ ಕೆಂಪಕ್ಷರದಲ್ಲಿ 'ಸಂಸಾರಸ್ಥ ಹೆಣ್ಣುಮಕ್ಕಳಿಗೆ ಒಂದು ಮಾತು', ಕೆಳಗೆ ವಾರಕ್ಕೊಂದು ಬುದ್ಧಿವಾದ. ಕೆಲವು ಯಜಮಾನರವು, ಕೆಲವು ಅತ್ತೆಯವು. 'ಗಂಡನ ಕೋಟಿನೊಡನೆ ನಿಮ್ಮ ಬಣ್ಣ ಜಗಳವಾಡದಿರಲಿ.' 'ಅವರು ಮನೆಗೆ ಬರುವ ಹೊತ್ತಿಗೆ ಏಪ್ರನ್ ಕಳಚಿರಲಿ, ಮುಖ ತೊಳೆದಿರಲಿ.' 'ಮೂವತ್ತು ದಾಟಿದ ಮೇಲೆ ತೋಳು ಮುಚ್ಚಿದರೆ ಚೆನ್ನ.' ಇವುಗಳ ನಡುವೆಯೇ, 'ಜೇಬಿಲ್ಲದ ಉಡುಪನ್ನು ಕೊಳ್ಳಬೇಡಿ, ಮಗುವಿನ ಮೂಗು ಹೇಳಿ ಕೇಳಿ ಸೋರುವುದಿಲ್ಲ.'

ನಾನು ಸೊಸೆಯಾಗಿ ಬಂದಾಗ ಈ ಬುದ್ಧಿವಾದಗಳೆಲ್ಲ ಅತ್ತೆಯ ಬಾಯಲ್ಲೇ ಇದ್ದವು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಒಂದೇ ಸಲ ನಡೆಯುತ್ತದೆ. ನಾನು ಕಚೇರಿಗೆ ಹೊರಟರೆ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡುವರು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ" ಎಂದು ಶುರುಮಾಡುವರು. "ಪರರು ಕಣ್ಣು ಮುಚ್ಕೊಳ್ಲಿ ಅತ್ತೆ" ಎಂದು ನಾನು ಹೊರಡುವೆ. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ, ನಿಜವಾಗಿಯೂ ಚೆನ್ನಾಗಿಲ್ಲವೇನೋ ಎಂದು ಕಿಟಕಿಯ ಗಾಜಿನಲ್ಲಿ ನೋಡಿಕೊಳ್ಳುವೆ.

ಮಗು ಹುಟ್ಟಿದ ಮೇಲೆ ಈ ಚರ್ಚೆಗೆ ನನಗೆ ಪುರುಸೊತ್ತಿರಲಿಲ್ಲ. ಅದು ನಿದ್ದೆ ಮಾಡಿದರೆ ಉಸಿರಾಡುತ್ತಿದೆಯೋ ಎಂಬ ಚಿಂತೆ, ಎದ್ದರೆ ಯಾಕೆ ಎದ್ದಿತೋ ಎಂಬ ಚಿಂತೆ. ಕೆಲಸಕ್ಕೆ ವಾಪಸಾಗುವ ದಿನ ಹತ್ತಿರವಾದಂತೆ ಮಗುವನ್ನು ನೋಡಿಕೊಳ್ಳಲು ಜನ ಹುಡುಕತೊಡಗಿದೆ. ಬಂದವರಲ್ಲಿ ಒಬ್ಬಳು ಸೀನಿದಳು. ಒಬ್ಬಳ ಉಗುರು ಉದ್ದ. ಇನ್ನೊಬ್ಬಳು ಮಗುವನ್ನು ಅಷ್ಟೊಂದು ಹೊಗಳಿದಳು, ಏನೋ ಇದೆ ಇವಳ ಮನಸ್ಸಿನಲ್ಲಿ ಎಂದುಕೊಂಡೆ.

ಹೀಗಿರುವಾಗ ಅತ್ತೆ ಒಂದು ಸಂಜೆ ಕೆಲಸದಿಂದ ಬಂದವರು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತರು.

"ದೊಡ್ಡಕ್ಕನ್ನ ಗೋಡೌನಿಗೆ ಹಾಕ್ತಾರಂತೆ. ಹೊಸ ಗೊಂಬೆ ಬಂದಿವೆ. ತಲೆ ಇಲ್ಲ."

"ತಲೆ ಇಲ್ವಾ?"

"ಕುತ್ತಿಗೆಗೇ ನಿಂತಿದೆ. ಮುಖ ಇದ್ರೆ ಗಿರಾಕಿಗೆ ತಾನು ಬೇರೆ ಅನ್ಸತ್ತಂತೆ."

ದೊಡ್ಡ ಯಜಮಾನರು ತೀರಿಕೊಂಡು ಅವರ ಮಗ ಅಂಗಡಿಗೆ ಬಂದಿದ್ದ. ಅತ್ತೆ ಅವನನ್ನು ಚಡ್ಡಿಯಲ್ಲಿ ನೋಡಿದವರು. ಜನರ ಮುಂದೆ ಚಿಕ್ಕ ಯಜಮಾನ್ರು, ಬಾಯಿ ಜಾರಿದರೆ ಪುಟ್ಟ. ಅವನ ವಾದವೂ ಪೊಳ್ಳಲ್ಲ. "ಈ ಕಾಲದಲ್ಲಿ ಸಂಸಾರಸ್ಥರ ಉಡುಪು ಅಂತ ಯಾರು ಕೇಳ್ತಾರೆ ಆಂಟಿ? ಮದುವೆ ಆದವಳೂ ಆಗದವಳೂ ಒಂದೇ ಪ್ಯಾಂಟು ಹಾಕ್ತಾರೆ" ಎಂದಿದ್ದನಂತೆ. "ಪ್ಯಾಂಟು ಒಂದೇ ಇರಬಹುದು, ಗುಂಡಿ ಒಂದೇ ಕಡೆ ಹಾಕಕ್ಕಾಗಲ್ಲ" ಎಂದು ಇವರು. ಕೊನೆಗೆ ಅವನು, ತಿಂಗಳ ಕೊನೆಯವರೆಗೆ ಹೊಸ ಗೊಂಬೆಗಳನ್ನು ನಿಮ್ಮಿಷ್ಟದ ಹಾಗೆ ಅಲಂಕರಿಸಿ, ಮಾರಾಟವಾದರೆ ಕಿಟಕಿ ನಿಮ್ಮದು, ಇಲ್ಲದಿದ್ದರೆ ಒಳಗೆ ಬಟ್ಟೆ ಮಡಚುವ ಕಡೆ ಬನ್ನಿ ಎಂದಿದ್ದ.

"ಮಡಚಿಕೊಂಡು ಅಲ್ಲಿರಲ್ಲ ನಾನು. ಕಿಟಕಿ ಹೋದ್ರೆ ಮನೇಲಿ ಕೂರ್ತೀನಿ" ಎಂದರು ಅತ್ತೆ.

ನನ್ನ ಗಂಡ ಮಗುವಿಗೆ ಗಿಲಕಿ ಆಡಿಸುತ್ತ ಕೂತಿದ್ದರು. "ಒಳ್ಳೇದೇ ಆಯ್ತಲ್ಲಮ್ಮ. ಪಾಪೂನ ನೋಡ್ಕೊಳ್ಳಕ್ಕೆ ಜನ ಹುಡುಕೋದು ತಪ್ಪತ್ತೆ."

ನನಗೂ ಒಂದು ಕ್ಷಣ ಹಾಯೆನಿಸಿತು. ಸೀನದ, ಉಗುರು ಕತ್ತರಿಸಿದ, ಮಗುವನ್ನು ಹದವಾಗಿಯೇ ಹೊಗಳುವ ಮನುಷ್ಯರು ಮನೆಯಲ್ಲೇ ಸಿಕ್ಕಂತಾಯಿತು. ಅಷ್ಟರಲ್ಲಿ ಅತ್ತೆ, "ಕೂರ್ತೀನಿ. ಆದ್ರೆ ನಗ್ತಾ ಕೂರ್ತೀನಿ ಅಂತ ಯಾರೂ ತಿಳ್ಕೊಬೇಡಿ" ಎಂದು ಎದ್ದುಹೋದರು. ಚಪ್ಪಲಿ ಹಾಕಿಕೊಂಡೇ ಅಡಿಗೆಮನೆಗೆ ಹೋದದ್ದನ್ನು ಅವತ್ತೇ ನೋಡಿದ್ದು ನಾನು. ಹಾಯೆನಿಸಿದ್ದು ಅಲ್ಲಿಗೆ ನಿಂತಿತು.

ಮರುದಿನ ಟೇಪು ಹಿಡಿದು ನನ್ನ ಕೋಣೆಗೆ ಬಂದರು.

"ಎದ್ದು ನಿಂತ್ಕೊ."

"ಯಾಕೆ?"

"ಆ ಗೊಂಬೆಗಳಿಗೆ ಹೊಟ್ಟೆ ಇಡಬೇಕು. ನಂದು ಹಳೇ ಕಾಲದ್ದು, ಕೆಳಗೆ ಹೋಗಿದೆ. ಇವತ್ತಿನ ಹೊಟ್ಟೆ ಬೇಕು."

"ಇವತ್ತಿನ ಹೊಟ್ಟೆ ಅಂದ್ರೆ?"

"ನಿನ್ನದು."

ನನ್ನ ಹೊಟ್ಟೆಯನ್ನು ಬೀದಿಯ ಕಿಟಕಿಯಲ್ಲಿ ನಿಲ್ಲಿಸುವುದೆ? ಸಾಧ್ಯವಿಲ್ಲ ಎಂದೆ. ಅತ್ತೆ ಒತ್ತಾಯ ಮಾಡಲಿಲ್ಲ. ಮಂಚದ ಮೇಲೆ ಟೇಪು ಇಟ್ಟು, ಅದರ ಪಕ್ಕದಲ್ಲಿ ತಾವೂ ಕೂತರು. ಆ ವಾರವಿಡೀ ನಾನು ಕಚೇರಿಯ ಹಳೆಯ ಬಟ್ಟೆಗಳನ್ನೆಲ್ಲ ಒಂದೊಂದಾಗಿ ತೊಟ್ಟು ನೋಡಿ, ಒಂದೊಂದಾಗಿ ಮಂಚದ ಮೇಲೆ ಎಸೆದಿದ್ದೆ. ಆ ರಾಶಿ ನಮ್ಮಿಬ್ಬರ ನಡುವೆಯೇ ಇತ್ತು. ಅಜ್ಜಿಗೆ ಅರಿವೆ ಚಿಂತೆ ಎನ್ನುವ ಗಾದೆ ಇದೆ. ಗಾದೆ ಕಟ್ಟಿದವರು ಅಜ್ಜಿಯ ಸೊಸೆಯನ್ನು ಕೇಳಿರಲಿಲ್ಲ.

"ಒಂದು ಷರತ್ತು" ಎಂದೆ. "ಫಲಕದಲ್ಲಿ ಗಂಡನ ಸುದ್ದಿ ಎತ್ತಬಾರದು."

"ಗಂಡ ಬೇಡ ಅಂದ್ರೆ ಸಂಸಾರಸ್ಥರಿಗೆ ಅಂತ ಯಾಕೆ ಬರೀಲಿ?"

"ಬರೀಬೇಡಿ. ಗಂಡ ಬರೋ ಹೊತ್ತಿಗೆ ಮುಖ ತೊಳೀಬೇಕಂತೆ. ಅವರು ಬರೋ ಹೊತ್ತಿಗೆ ನಾನೂ ಬರ್ತೀನಿ. ಯಾರ ಮುಖ ಯಾರು ತೊಳೀಬೇಕು?"

"ಅದು ಯಜಮಾನರು ಬರೆದಿದ್ದು. ನಾನೇನು ತೊಳ್ಕೊಂಡು ಕೂತಿದ್ನಾ? ನಾನು ಬರೋ ಹೊತ್ತಿಗೆ ನಿಮ್ಮ ಮಾವ ಮಲಗಿರೋರು." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ತೋಳಿನ ಮಾತು ಮಾತ್ರ ನಂದು. ಅದು ಸರಿಯಾಗೇ ಇದೆ."

"ಸರಿಯಿಲ್ಲ."

"ಸರಿ, ತೋಳೂ ಬೇಡ. ಜೇಬು?"

"ಜೇಬು ಇರಲಿ."

ಹೀಗೆ ಸೊಪ್ಪಿನ ಚೌಕಾಸಿಯ ಹಾಗೆ ಅರ್ಧ ಮಧ್ಯಾಹ್ನ ಕಳೆದು, ಕೊನೆಗೆ 'ಮನೆ ನಡೆಸುವವರಿಗೆ ಒಂದು ಮಾತು' ಎಂಬಲ್ಲಿಗೆ ಬಂದು ನಿಂತೆವು. ನಾನು ಎದ್ದು ನಿಂತೆ. ಟೇಪು ತಣ್ಣಗಿತ್ತು. "ಉಸಿರು ಒಳಗೆ ಎಳ್ಕೋಬೇಡ, ಗೊಂಬೆ ಎಳ್ಕೊಳ್ಳಲ್ಲ" ಎಂದರು.

ತಲೆಯಿಲ್ಲದ ಗೊಂಬೆಯ ಮೈ ನುಣ್ಣಗೆ, ತಟ್ಟೆಯ ಹಾಗೆ. ಕಟ್ಟಿದ ಹತ್ತಿಯ ಗಂಟು ಜಾರಿ ಜಾರಿ ಮೊಣಕಾಲಿಗೆ ಇಳಿಯುತ್ತಿತ್ತಂತೆ. ಅತ್ತೆ ಅದಕ್ಕೆ ನನ್ನ ಹಳೆಯ ಬನಿಯನ್ನೊಂದನ್ನು ತೊಡಿಸಿ, ಅದಕ್ಕೆ ಹೊಟ್ಟೆಯನ್ನು ಹೊಲಿದು ನಿಲ್ಲಿಸಿದರು. ಮೇಲೆ ಮೊಣಕಾಲು ಮುಚ್ಚುವ ಕಡುನೀಲಿ ಉಡುಪು, ಎರಡು ಆಳವಾದ ಜೇಬು. ಕಾಲಬುಡದಲ್ಲಿ ಹೊಸ ಫಲಕ: 'ಕೊಳ್ಳುವ ಮುಂಚೆ ಕುಕ್ಕರಗಾಲಲ್ಲಿ ಕೂತು ನೋಡಿ. ಮಗು ಆಟಿಕೆಯನ್ನು ನಿಮ್ಮ ಎದೆಯೆತ್ತರಕ್ಕೆ ಎಸೆಯುವುದಿಲ್ಲ.'

ಮೊದಲ ಕೆಲವು ದಿನ ಯಾರೂ ಕೇಳಲಿಲ್ಲ. ಕಾಲೇಜು ಹುಡುಗಿಯರಿಬ್ಬರು ಫೋಟೋ ತೆಗೆದುಕೊಂಡು ನಕ್ಕು ಹೋದರಂತೆ. ಅತ್ತೆ ಮನೆಯಲ್ಲಿ ಮಾತು ಕಡಿಮೆ ಮಾಡಿದರು. ಊಟದ ಹೊತ್ತಿಗೆ, "ಪಾಪು ಹಗಲು ಎಷ್ಟು ಹೊತ್ತು ಮಲಗತ್ತೆ?" ಎಂದು ಕೇಳಿದರು. ಮನೆಯಲ್ಲಿ ಕೂರುವ ದಿನಗಳನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದಾರೆಂದು ತಿಳಿಯಿತು.

ಅದಾದ ಮೇಲೆ ಒಂದು ಶನಿವಾರ ಮಗುವಿನ ಕೆಮ್ಮಿಗೆ ಔಷಧಿ ತರಲು ಹೋದೆ. ಕೆಮ್ಮಿದ್ದು ಒಂದೇ ಸಲ, ಆದರೂ ಹೋದೆ. ಔಷಧಿ ಅಂಗಡಿಯವರು ಮುಗುಳ್ನಕ್ಕರು.

"ಏನಮ್ಮ, ಮತ್ತೆ ವಿಶೇಷವಂತೆ? ಇದಕ್ಕಿನ್ನೂ ಹಲ್ಲೇ ಬಂದಿಲ್ಲ."

"ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಕಿಟಕೀಲಿ ನೋಡಿದೆ."

ಅತ್ತೆ ಕೇಳಿದವರಿಗೆಲ್ಲ 'ಅಳತೆ ನಮ್ಮ ಸೊಸೆಯದು' ಎಂದು ಹೆಮ್ಮೆಯಿಂದ ಹೇಳುತ್ತಿದ್ದರೆಂದು ಆಗ ಗೊತ್ತಾಯಿತು. ಮಗುವನ್ನು ಎದೆಗೆ ಕಟ್ಟಿಕೊಂಡು ಜಗಳಕ್ಕೆಂದೇ ಬಟ್ಟೆಯಂಗಡಿಗೆ ಹೋದೆ.

ಜಗಳವಾಡಲು ಜಾಗವಿರಲಿಲ್ಲ. ಟ್ರಯಲ್ ರೂಮಿನ ಮುಂದೆ ಹೆಂಗಸರ ಸಾಲು. ಒಳಗೆ ಹೋದವರು ಫಲಕ ಹೇಳಿದಂತೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಆ ಕೋಣೆ ನಿಲ್ಲುವುದಕ್ಕೆಂದು ಮಾಡಿದ್ದು, ಕೂರುವುದಕ್ಕಲ್ಲ. ಒಬ್ಬರು ಕೂತವರು ಏಳಲಾಗದೆ ಬಾಗಿಲ ಕೆಳಗಿನಿಂದ ಕೈ ಚಾಚಿ ಕರೆಯುತ್ತಿದ್ದರು. ಕಾಯಲು ಒಪ್ಪದವರು ಅಂಗಡಿಯ ನಡುವೆಯೇ ಕೂತು ಎದ್ದು ನೋಡುತ್ತಿದ್ದರು. ಅಲ್ಲೊಂದು ಇಲ್ಲೊಂದು ಹೊಲಿಗೆ ಪರ್ರೆನ್ನುತ್ತಿತ್ತು. ಚಿಕ್ಕ ಯಜಮಾನ ಬಿಚ್ಚಿಹೋದ ಸ್ಕರ್ಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದ.

"ಆಂಟಿ, ಇದು ಅಂಗಡಿನೋ ಕಪ್ಪೆ ಕೆರೆನೋ? ಎಷ್ಟು ಹೊಲಿಗೆ ಹೋಗಿದೆ ನೋಡಿ."

"ಹೋಗೋ ಹೊಲಿಗೆ ಹೋಗಿದೆ ಪುಟ್ಟ. ಮನೇಲಿ ಹೋಗಿದ್ರೆ ನಿನ್ನ ಹತ್ರ ಬಂದು ಜಗಳ ಆಡೋರು. ಇಲ್ಲಿ ಹೋಗಿದ್ದಕ್ಕೆ ಅವರೇ ನಾಚ್ಕೊಂಡು ಸುಮ್ಮನಿದ್ದಾರೆ."

"ಪುಟ್ಟ ಅನ್ಬೇಡಿ, ಗಿರಾಕಿಗಳಿದ್ದಾರೆ."

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ನರ್ಸಮ್ಮನೊಬ್ಬರು ಅತ್ತೆಯ ಮುಂದೆ ಬಂದರು. "ಕಿಟಕೀಲಿರೋ ಆ ನೀಲಿದು ಕೊಡಿ. ಆ ಹೊಟ್ಟೆಗೆ ಆಗೋದೇ ಕೊಡಿ. ಸಣ್ಣದು ಬೇಡ."

ಅತ್ತೆ ಕಪಾಟು ಹುಡುಕಿದರು. ಸಣ್ಣವೇ ಇದ್ದವು. ಚಿಕ್ಕ ಯಜಮಾನ ತರಿಸಿದ್ದೆಲ್ಲ ತಂಗಿಯರ ಅಳತೆಯದು. ದೊಡ್ಡದು ಗೊಂಬೆಯ ಮೇಲಿದ್ದದ್ದೊಂದೇ.

"ಇಲ್ಲ ಅಂದ್ರೆ ಅಲ್ಲಿ ಯಾಕೆ ನಿಲ್ಲಿಸಿದ್ದೀರಿ?" ಎಂದರು ನರ್ಸಮ್ಮ. ಸಿಟ್ಟಿನಿಂದಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರ ಹಾಗಿದ್ದರು. "ಬಸ್ಸಿಂದ ಇಳಿದು ಬಂದೆ ನಾನು."

ಕಿಟಕಿಯಲ್ಲಿ ಇರುವುದು ಅಂಗಡಿಯಲ್ಲಿ ಇರಬೇಕೆಂದು ಪಿನ್ನುಗಳನ್ನು ಕಿತ್ತೆಸೆದವರು ಅತ್ತೆ. ಈಗ ಇಲ್ಲದ್ದನ್ನು ತೋರಿಸಿ ಬಸ್ಸಿನಲ್ಲಿ ಹೋಗುವವರನ್ನು ಕರೆದಿದ್ದರು. ಮುಖ ಕಂದಿತು. ಆ ಗಿಡ್ಡ ಬಾಗಿಲಲ್ಲಿ ಬಗ್ಗಿ ಕಿಟಕಿಯೊಳಗೆ ಹೋದರು. ಹಾಡಹಗಲಿನಲ್ಲಿ, ಪರದೆಯನ್ನೂ ಎಳೆಯದೆ, ಗೊಂಬೆಯ ಉಡುಪನ್ನು ಬಿಚ್ಚಿ ತಂದು ನರ್ಸಮ್ಮನ ಕೈಗೆ ಕೊಟ್ಟರು.

"ಇದೇ ತಗೊಳ್ಳಿ. ಕೂತು ನೋಡಿ ತಗೊಳ್ಳಿ."

ಕಿಟಕಿಯಲ್ಲಿ ನನ್ನ ಬನಿಯನ್, ಅದರ ಮೇಲೆ ಹೊಲಿದ ನನ್ನ ಹೊಟ್ಟೆ, ಕಾಲುಚೀಲದ ಗಂಟುಗಳ ಸಮೇತ, ಬಸ್ ನಿಲ್ದಾಣಕ್ಕೆ ಎದುರಾಗಿ ನಿಂತಿತು. ಒಂದು ಬಸ್ಸು ಬಂತು. ಯಾರೂ ಹತ್ತಲಿಲ್ಲ. ಚಿಕ್ಕ ಯಜಮಾನ ಓಡಿಹೋಗಿ ಒಂದು ಮೇಜುಬಟ್ಟೆ ಹೊದಿಸಿದ. ಜಗಳಕ್ಕೆ ಬಂದಿದ್ದ ನನಗೆ ನಗು ತಡೆಯಲಾಗದೆ, ಎದೆಯ ಮೇಲಿದ್ದ ಮಗು ಕುಲುಕಾಡಿ ಎಚ್ಚರಗೊಂಡಿತು.

ನೀಲಿ ಉಡುಪು ನರ್ಸಮ್ಮನಿಗೆ ಸರಿಹೋಯಿತು. ಅತ್ತೆ ಮಾತ್ರ ಸಂಜೆಯವರೆಗೆ ಮಂಕಾಗಿದ್ದರು. ಒಟ್ಟಿಗೆ ಮನೆಗೆ ಬರುವ ದಾರಿಯಲ್ಲಿ, "ಮುಗೀತು ಕಣೆ. ಅವನ ಜಾಗದಲ್ಲಿ ನಾನಿದ್ರೂ ನನ್ನ ತೆಗೆದುಹಾಕ್ತಿದ್ದೆ" ಎಂದರು. ಮನೆಯಲ್ಲಿ ಮಗುವಿನ ತೊಟ್ಟಿಲು ಯಾವ ಕೋಣೆಯಲ್ಲಿದ್ದರೆ ಹಗಲು ಗಾಳಿ ಬರುತ್ತದೆಂದು ನೋಡತೊಡಗಿದರು.

ಫೋನು ಭಾನುವಾರ ಬಂತು. ಅತ್ತೆ ಅದನ್ನು ಕಿವಿಯಿಂದ ದೂರ ಹಿಡಿದು ಮಾತಾಡುವವರು, ಹಾಗಾಗಿ ಮನೆಗೆಲ್ಲ ಕೇಳಿಸಿತು.

"ಆಂಟಿ, ಹರಿದಿದ್ದು ಬಿಟ್ರೆ ನಿನ್ನೆ ಚೆನ್ನಾಗೇ ಹೋಗಿದೆ. ದೊಡ್ಡ ಸೈಜು ಇದ್ದಿದ್ರೆ ಇನ್ನೂ ಹೋಗ್ತಿತ್ತು. ನಾಳೆ ಬಟ್ಟೆ ಹೊಲಿಸೋ ಕಡೆ ಹೋಗ್ತಿದ್ದೀನಿ. ನೀವೂ ಬನ್ನಿ. ಎಲ್ಲೆಲ್ಲಿ ಎಷ್ಟು ಬಿಡಬೇಕು ಅಂತ ನೀವೇ ಹೇಳಿ, ನನಗೆ ಗೊತ್ತಾಗಲ್ಲ."

"ಕಿಟಕಿ?"

"ಕಿಟಕಿ ನಿಮ್ದೇ. ಆ ಕೂರೋ ಫಲಕ ಮಾತ್ರ ಬೇಡ, ದಮ್ಮಯ್ಯ. ಬೇರೆ ಏನಾದ್ರೂ ಬರೀರಿ. ಹಳೇ ಗೊಂಬೆ ಗೋಡೌನಲ್ಲೇ ಇರಲಿ."

"ದೊಡ್ಡಕ್ಕ" ಎಂದು ತಿದ್ದಿ, ಅತ್ತೆ ಆಗಲಿ ಎಂದರು.

ನನ್ನ ಗಂಡ ತೊಟ್ಟಿಲನ್ನು ಹಳೆಯ ಜಾಗಕ್ಕೆ ತಳ್ಳಿದರು. ನಾವಿಬ್ಬರೂ ಕೂತು, ಅವರು ಮಧ್ಯಾಹ್ನದ ಪಾಳಿ ಹಾಕಿಸಿಕೊಳ್ಳುವುದೆಂದೂ, ಉಳಿದ ಹೊತ್ತಿಗೆ ಆ ಸೀನಿದವಳನ್ನೇ ಮತ್ತೊಮ್ಮೆ ಕರೆಯುವುದೆಂದೂ ತೀರ್ಮಾನಿಸಿದೆವು. ಸೀನು ಎಲ್ಲರಿಗೂ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಅತ್ತೆಯ ಕೋಣೆಯಿಂದ ಬೀರುವಿನ ಸದ್ದು ಬಹಳ ಹೊತ್ತು ಬರುತ್ತಿತ್ತು. ಇಣುಕಿ ನೋಡಿದರೆ ಮಂಚದ ಮೇಲೆ ಬಟ್ಟೆಗಳ ಗುಡ್ಡೆ. ಇಷ್ಟು ವರ್ಷ ಅಂಗಡಿಗೆ ಹೋದ ಕೂಡಲೇ ಅಲ್ಲಿಯ ಬೂದುಬಣ್ಣದ ಮೇಲಂಗಿ ಹಾಕಿಕೊಳ್ಳುತ್ತಿದ್ದವರು. ಒಳಗೆ ಏನು ತೊಟ್ಟರೂ ಯಾರಿಗೂ ಕಾಣುತ್ತಿರಲಿಲ್ಲ. ಇವತ್ತು ಮೇಲಂಗಿಯಿಲ್ಲದೆ, ಅಂಗಡಿಯ ಪರವಾಗಿ, ಗೊತ್ತಿಲ್ಲದವರ ಮುಂದೆ ಕೂತು ಮಾತಾಡಬೇಕು.

"ಏನು ಹಾಕ್ಕೊಳ್ಳೋದೋ ಗೊತ್ತಾಗ್ತಿಲ್ಲ ಕಣೆ" ಎಂದರು. ಏನು ತೊಡಬೇಕೆಂದು ಊರಿಗೆಲ್ಲ ಹೇಳಿದವರ ದನಿ ಸಣ್ಣಗಿತ್ತು.

ಗುಡ್ಡೆಯಿಂದ ಹಸಿರು ಅಂಗಿಯನ್ನು ಎತ್ತಿ ಕೊಟ್ಟೆ. ಅವರಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಎದೆಗೆ ಹಿಡಿದು ಕನ್ನಡಿ ನೋಡಿ, "ನಿನಗೆ ಬಣ್ಣ ಗೊತ್ತಾಗಲ್ಲ" ಎಂದು ಪಕ್ಕಕ್ಕಿಟ್ಟರು. ಆಮೇಲೆ ಕಂದು ಬಣ್ಣದ್ದೊಂದನ್ನು ತೊಟ್ಟು, ತೋಳಿನ ಗುಂಡಿ ಹಾಕಿಕೊಳ್ಳುತ್ತ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಮೆಟ್ಟಿಲಿಳಿದರು. ಆ ಕಂದು ಅವರಿಗೆ ಒಂದಿಷ್ಟೂ ಹೊಂದುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು, ಮೇಲಿಂದ ಕೆಳಗೆ ನೋಡಿ, ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದೆ.